ಗುಂಡಿ, ಧಾನ್ಯ ಮತ್ತು ಗ್ರಾಮ: ಕ್ರ್ಯಾನ್‌ಬೋರ್ನ್ ಚೇಸ್ ಉತ್ಖನನಗಳ ಒಂದು ವಿಮರ್ಶೆ

ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಮತ್ತು ವಿಲ್ಟ್‌ಶೈರ್ ಗಡಿಯಲ್ಲಿರುವ ಕ್ರ್ಯಾನ್‌ಬೋರ್ನ್ ಚೇಸ್ ಪ್ರದೇಶಕ್ಕೆ ಪುರಾತತ್ವ ಶಾಸ್ತ್ರದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. 1880ರಲ್ಲಿ ಅಲ್ಲಿನ ವಿಸ್ತಾರವಾದ ಜಮೀನಿಗೆ ಹಕ್ಕುದಾರನಾದ ಜನರಲ್ ಪಿಟ್-ರಿವರ್ಸ್ ತನ್ನ ನೆಲದಲ್ಲಿದ್ದ ವುಡ್‌ಕಟ್ಸ್ ಮತ್ತು ರೊದರ್ಲಿ ಎಂಬ ಗ್ರಾಮೀಣ ನೆಲೆಗಳನ್ನು ಅಗೆಸಿ, 1887 ಮತ್ತು 1888ರಲ್ಲಿ ವರದಿಯ ಮೊದಲ ಎರಡು ಸಂಪುಟಗಳನ್ನು ಪ್ರಕಟಿಸಿದನು. ಅರಸರ ಗೋರಿ, ಚಿನ್ನದ ಒಡವೆಗಳನ್ನೇ ಅರಸುತ್ತಿದ್ದ ಕಾಲದಲ್ಲಿ ಒಕ್ಕಲಿಗರ ಮಡಕೆಯ ಚೂರು, ಮೊಳೆ, ದನಕರುಗಳ ಎಲುಬುಗಳನ್ನು ಅಳೆದು ದಾಖಲಿಸಿದ್ದು ಅವನ ನಿಜವಾದ ಹಿರಿಮೆ.

ಆದರೆ ಈ ದಾಖಲೆಗೆ ಒಂದು ಮಿತಿಯಿತ್ತು. ಕಬ್ಬಿಣಯುಗದ ಕೊನೆಯಿಂದ ರೋಮನ್ ಆಳ್ವಿಕೆಯ ನಾಲ್ಕನೆಯ ಶತಮಾನದವರೆಗೆ ಬೆಳೆದು ಬದಲಾದ ವುಡ್‌ಕಟ್ಸ್ ವರದಿಯಲ್ಲಿ ಒಂದೇ ಕಾಲದ ಹಳ್ಳಿಯಂತೆ ತೋರುತ್ತದೆ. 1947ರಲ್ಲಿ ಕ್ರಿಸ್ಟೋಫರ್ ಹಾಕ್ಸ್ ಅದೇ ದಾಖಲೆಗಳನ್ನು ಮರುಪರಿಶೀಲಿಸಿ ನೆಲೆಯ ಬದುಕನ್ನು ಮೂರು ಹಂತಗಳಾಗಿ ಬಿಡಿಸಿದನು. ತನ್ನ ವ್ಯಾಖ್ಯಾನವನ್ನು ತಿದ್ದಲು ಬೇಕಾದ ಸಾಮಗ್ರಿಯನ್ನು ತಾನೇ ಉಳಿಸಿಹೋಗುವುದು ಒಳ್ಳೆಯ ವರದಿಯ ಲಕ್ಷಣ. ಪಿಟ್-ರಿವರ್ಸ್‌ನ ಶಿಸ್ತನ್ನು ಮೆಚ್ಚಿದ ಮಾರ್ಟಿಮರ್ ವೀಲರ್ ಅದೇ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದ್ದು ಇಲ್ಲಿ ಸ್ಮರಣೀಯ.

ಹೆಚ್ಚಿನ ವಿಮರ್ಶೆಗೆ ಅರ್ಹವಾದುದು ಗುಂಡಿಗಳ ಪ್ರಶ್ನೆ. ಸುಣ್ಣಕಲ್ಲಿನ ಈ ಸೀಮೆಯ ನೆಲೆಗಳಲ್ಲಿ ಗುಂಡಿಗಳು ಹೇರಳ. ಕಬ್ಬಿಣಯುಗದ ಇಂತಹ ಗುಂಡಿಗಳನ್ನು ಬಹುಕಾಲ ಮನುಷ್ಯರ ವಾಸದ ಕುಳಿಗಳೆಂದೇ ಅನೇಕರು ತಿಳಿದಿದ್ದರು. ನಾಜಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡು ಬಂದ ಗೆರ್ಹಾರ್ಡ್ ಬೆರ್ಸು 1938-39ರಲ್ಲಿ ಸಾಲಿಸ್‌ಬರಿ ಸಮೀಪದ ಲಿಟಲ್ ವುಡ್‌ಬರಿಯನ್ನು ಅಗೆದು, ಜನ ವಾಸಿಸಿದ್ದು ನೆಲದ ಮೇಲಿನ ದುಂಡು ಮನೆಯಲ್ಲಿ, ಗುಂಡಿಗಳಲ್ಲಿ ಇದ್ದುದು ಧಾನ್ಯ ಎಂದು ತೋರಿಸಿದನು. ವಿದ್ವಾಂಸರು ಕುಳಿಮನೆಗಳನ್ನು ಕಲ್ಪಿಸುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಸಾಮ್ರಾಜ್ಯದ ಧಾರವಾಡ, ವಿಜಾಪುರ ಸೀಮೆಗಳ ರೈತರು ಹಗೇವುಗಳಲ್ಲಿ ಜೋಳ ತುಂಬುತ್ತಿದ್ದರು. ಕಿರಿದಾದ ಬಾಯಿ, ಅಗಲವಾದ ಒಡಲು, ಒಳಗೆ ಹುಲ್ಲಿನ ಹಾಸು, ಮೇಲೆ ಚಪ್ಪಡಿ ಮತ್ತು ಮಣ್ಣಿನ ಮುಚ್ಚಳ. ಹಗೇವು ತೆರೆದೊಡನೆ ಒಳಗಿಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎಂಬುದು ಹಳ್ಳಿಗರ ತಿಳಿವಳಿಕೆ. ಗೋಡೆಗೆ ತಗುಲಿದ ಕಾಳು ಮೊಳೆತು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದಲೇ ಉಳಿದ ಧಾನ್ಯ ಕೆಡದೆ ಉಳಿಯುತ್ತದೆ. ಇದನ್ನು ಪೀಟರ್ ರೆನಾಲ್ಡ್ಸ್ 1970ರ ದಶಕದಲ್ಲಿ ಬಟ್ಸರ್‌ನ ಪ್ರಾಯೋಗಿಕ ಹೊಲದಲ್ಲಿ ಪರೀಕ್ಷಿಸಿ ಸ್ಥಾಪಿಸಿದನು.

ಹಾಗೆಂದು ಹಗೇವನ್ನು ಇಂಗ್ಲೆಂಡಿನ ಗುಂಡಿಗೆ ಪುರಾವೆಯಾಗಿ ಒಡ್ಡುವಂತಿಲ್ಲ. ಸಾದೃಶ್ಯವು ಪ್ರಶ್ನೆಯನ್ನು ಹುಟ್ಟಿಸಬಲ್ಲದು; ಉತ್ತರವನ್ನು ಆ ನೆಲವೇ ಕೊಡಬೇಕು. ಉಗ್ರಾಣವೆಂಬ ಉತ್ತರವೂ ಅಂತಿಮವಾಗಲಿಲ್ಲ. 1969ರಿಂದ 1988ರವರೆಗೆ ಡೇನ್‌ಬರಿಯಲ್ಲಿ ಬ್ಯಾರಿ ಕನ್ಲಿಫ್ ನಡೆಸಿದ ಉತ್ಖನನದಲ್ಲಿ ಬರಿದಾದ ಗುಂಡಿಗಳೊಳಗೆ ಪ್ರಾಣಿಗಳ ಹಾಗೂ ಮನುಷ್ಯರ ಅವಶೇಷಗಳು ದೊರೆತವು. ಅವನು ಅವನ್ನು ಭೂಗರ್ಭದ ಶಕ್ತಿಗಳಿಗೆ ಸಲ್ಲಿಸಿದ ಹರಕೆಗಳೆಂದು ಓದಿದನು. 1995ರಲ್ಲಿ ಜೆ. ಡಿ. ಹಿಲ್, ಆಚರಣೆ ಮತ್ತು ಕಸ ಎಂಬ ವಿಭಜನೆಯನ್ನೇ ಪ್ರಶ್ನಿಸಿದನು. ಕಣದಲ್ಲಿ ರಾಶಿ ಪೂಜೆ ಮಾಡಿದ ಕೈಯೇ ಕೊಳಗದಿಂದ ಕಾಳು ಅಳೆಯುವುದನ್ನು ಬಲ್ಲ ಜಾನಪದ ಅಧ್ಯಯನಕ್ಕೆ ಈ ಪ್ರಶ್ನೆ ಅಪರಿಚಿತವಲ್ಲ.

ಗುಂಡಿಯ ಆಳ, ಅಗಲಗಳನ್ನು ಅಳೆಯುವುದು ಉತ್ಖನನದ ಮೊದಲ ಕರ್ತವ್ಯ. ಅದನ್ನು ತೋಡಿ, ತುಂಬಿ, ತೆರೆದವರ ತಿಳಿವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಅಳತೆ ಗ್ರಾಮವಾಗುವುದಿಲ್ಲ. ಕರ್ನಾಟಕದಲ್ಲಿ ಹಗೇವುಗಳು ಬಹುತೇಕ ಬಳಕೆಯಿಂದ ಮರೆಯಾಗಿವೆ. ಅವುಗಳನ್ನು ಬಳಸಿದ ಹಿರಿಯರಿರುವಾಗಲೇ ಆ ಅರಿವನ್ನು ದಾಖಲಿಸದಿದ್ದರೆ, ಮುಂದೆ ಈ ನೆಲವನ್ನು ಅಗೆಯುವವರೂ ಅವನ್ನು ವಾಸದ ಕುಳಿಗಳೆಂದು ಬರೆದಾರು.