ಹೆಣವನ್ನೂ ನಂಬದ ನಿರ್ಮಾಪಕ

1934ರ ‘ದಿ ಘೋಸ್ಟ್ ವಾಕ್ಸ್’ ಚಿತ್ರದಲ್ಲಿ ದೆವ್ವವಿಲ್ಲ. ಜಡಿಮಳೆ, ಗುಡುಗು, ಕೆಟ್ಟು ನಿಂತ ಪ್ರಯಾಣ, ಒಂಟಿ ಬಂಗಲೆ, ಊಟದ ಹೊತ್ತಿಗೆ ಆರುವ ದೀಪ ಎಲ್ಲವೂ ಇವೆ. ಆ ಕಾಲಕ್ಕೇ ಹಳಸಿಹೋಗಿದ್ದ ಸರಕು ಇದು. ನಿರ್ದೇಶಕ ಫ್ರಾಂಕ್ ಸ್ಟ್ರೇಯರ್, ಕಥೆಗಾರ ಚಾರ್ಲ್ಸ್ ಬೆಲ್ಡನ್ ಇಬ್ಬರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಹಳಸಲನ್ನು ಮುಚ್ಚಿಡದೆ ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ನಾಟಕಕಾರ ಏಮ್ಸ್‌ಗೆ ಬ್ರಾಡ್‌ವೇ ನಿರ್ಮಾಪಕ ಹರ್ಮನ್ ವುಡ್‌ನನ್ನು ಒಲಿಸಿಕೊಳ್ಳಬೇಕು. ನಾಟಕ ಓದಿ ಹೇಳುವ ಬದಲು ಆಸಾಮಿಯನ್ನೇ ಅದರೊಳಗೆ ತಂದು ಕೂರಿಸುತ್ತಾನೆ. ಬಂಗಲೆಯಲ್ಲಿರುವವರು ಬಣ್ಣದವರು, ನಡೆಯುವುದೆಲ್ಲ ಮೊದಲೇ ಬರೆದದ್ದು. ಗುಟ್ಟು ರಟ್ಟಾದ ಮೇಲೆ ನಿಜವಾದ ಹೆಣ ಬೀಳುತ್ತದೆ. ವುಡ್ ಮಾತ್ರ ಜಪ್ಪಯ್ಯ ಎಂದರೂ ನಂಬುವುದಿಲ್ಲ. ಒಮ್ಮೆ ಮೋಸಹೋದವನು ಮತ್ತೆ ಹೋದಾನೆಯೇ? ಎಲ್ಲರೂ ನಡುಗುತ್ತಿರುವಾಗ ಇವನು ನಟನೆಗೆ ಅಂಕ ಹಾಕುತ್ತಾ ಓಡಾಡುವುದೇ ಚಿತ್ರದ ಜೀವ.

ಇದನ್ನು ತಯಾರಿಸಿದ ಇನ್ವಿನ್ಸಿಬಲ್ ಪಿಕ್ಚರ್ಸ್ ಕೈ ಬಿಗಿಹಿಡಿದು ಚಿತ್ರ ತೆಗೆಯುತ್ತಿದ್ದ ಸಂಸ್ಥೆ. ಸ್ವಂತ ಸ್ಟುಡಿಯೋ ಇಲ್ಲದೆ ಯೂನಿವರ್ಸಲ್‌ನಲ್ಲಿ ಜಾಗ ಬಾಡಿಗೆಗೆ ಪಡೆಯುತ್ತಿತ್ತು. ಇಂಥ ಚಿತ್ರಗಳಲ್ಲಿ ಕ್ಯಾಮೆರಾ ನಿಂತಲ್ಲೇ ನಿಲ್ಲುತ್ತದೆ, ಪಾತ್ರಧಾರಿಗಳು ಸಾಲಾಗಿ ನಿಂತು ಮಾತು ಒಪ್ಪಿಸುತ್ತಾರೆ. ಇಲ್ಲೂ ಹಾಗೆಯೇ. ಆದರೆ ಇವರು ನಟಿಸುತ್ತಿರುವುದೇ ನಟರನ್ನು! ಪೇಲವ ಸಂಭಾಷಣೆ, ಅತಿಯಾದ ಕಣ್ಣರಳಿಕೆ, ಎದೆ ಹಿಡಿದುಕೊಳ್ಳುವ ಭಂಗಿ ಇವೆಲ್ಲ ಗುಟ್ಟು ಬಿಚ್ಚಿದ ಕ್ಷಣದಲ್ಲಿ ಸರಿಯಾಗಿಬಿಡುತ್ತವೆ. ಕಾಸಿಲ್ಲದವನ ಜಾಣತನ ಇದು. ದುಡ್ಡಿದ್ದವರಿಗೆ ಹೊಳೆಯುವ ಉಪಾಯವಲ್ಲ.

ಅದೇ ಉಪಾಯ ಉತ್ತರಾರ್ಧದಲ್ಲಿ ತಿರುಗಿ ಕಚ್ಚುತ್ತದೆ. ಕೊಲೆ ನಿಜವಾದ ಮೇಲೆ ಭಯವೂ ನಿಜವಾಗಬೇಕಿತ್ತಲ್ಲ? ನಟನೆ ಒಂದಿಷ್ಟೂ ಬದಲಾಗುವುದಿಲ್ಲ. ನಾಟಕದ ಕಿರುಚಾಟಕ್ಕೂ ಪ್ರಾಣಭಯದ ಕಿರುಚಾಟಕ್ಕೂ ವ್ಯತ್ಯಾಸ ತೋರಿಸಲಾಗದ ತಂಡದ ಮುಂದೆ ವುಡ್‌ನ ಅಪನಂಬಿಕೆಯೇ ನ್ಯಾಯವೆನಿಸುತ್ತದೆ. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವನ ಎಳೆ ಬೇರೆ. ಅಷ್ಟು ಚೆಂದದ ಕಟ್ಟಡಕ್ಕೆ ಅಷ್ಟು ಸುಲಭದ ಬಾಗಿಲು ಬೇಕಿರಲಿಲ್ಲ. ನಾಯಕಿ ಜೂನ್ ಕಾಲಿಯರ್‌ಗೆ ಬೆಚ್ಚಿಬೀಳುವುದರ ಹೊರತು ಕೆಲಸವಿಲ್ಲ.

ಉಳಿಸುವವರು ಇಬ್ಬರು. ವುಡ್ ಆಗಿ ರಿಚರ್ಡ್ ಕಾರ್ಲ್, ಅವನ ಕಾರ್ಯದರ್ಶಿ ಅರ್ಸ್ಕಿನ್ ಆಗಿ ಜಾನಿ ಆರ್ಥರ್. ರಂಗಭೂಮಿಯಲ್ಲಿ ಪಳಗಿದ ಕಾರ್ಲ್‌ಗೆ ಧಣಿಯ ಗತ್ತು ಕರಗತ. ಆರ್ಥರ್‌ನದು ಹೆದರುಪುಕ್ಕಲ, ನಾಜೂಕಿನ ಗಂಡಸು. ಆ ನಾಜೂಕನ್ನೇ ನಗೆಪಾಟಲು ಮಾಡುವ ಜೋಕುಗಳು ಇಂದು ಮುಜುಗರ ತರುತ್ತವೆ, ತರಲೇಬೇಕು. ಆದರೂ ಗದರಿದ ಧಣಿಗೆ ಅವನು ಮೆಲ್ಲಗೆ ತಿರುಗಿ ಕುಟುಕುವಾಗ ನಗು ಅವನ ಕಡೆಗೇ ವಾಲುತ್ತದೆ. ಇವರಿಬ್ಬರ ಜಗಳ ಹಳೆಯ ದಂಪತಿಗಳದ್ದು. ಕೊಲೆಗಾರ ಯಾರೆಂಬುದಕ್ಕಿಂತ ಇವರ ಮುಂದಿನ ಮಾತೇನೆಂಬುದೇ ನನಗೆ ಮುಖ್ಯವಾಯಿತು.

ಸ್ಟ್ರೇಯರ್ ಇದಕ್ಕೆ ಮುಂಚೆ, 1933ರಲ್ಲಿ, ‘ದಿ ವ್ಯಾಂಪೈರ್ ಬ್ಯಾಟ್’ ಎಂಬ ಭಯಾನಕ ಚಿತ್ರ ಮಾಡಿದ್ದ. 1938ರಿಂದ ‘ಬ್ಲಾಂಡಿ’ ಸರಣಿಯ ಮನೆಮಂದಿಯ ಹಾಸ್ಯಚಿತ್ರಗಳಿಗೆ ಕೈಹಾಕಿದ. ಅಲ್ಲಿ ಹೆಣದ ಗೊಡವೆಯಿಲ್ಲ, ಬರೀ ಜಗಳ.