ನಿರ್ಜನ ಚಿತ್ರ: ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ನಗರವೂ ಅರಣ್ಯವೂ

ಶಾಸನ, ತಾಮ್ರಪಟ, ನಾಣ್ಯ, ಕಡತ ಇವುಗಳನ್ನು ಇತಿಹಾಸದ ಆಧಾರಗಳೆಂದು ಅಂಗೀಕರಿಸುವ ಮುನ್ನ ಅವುಗಳ ಕಾಲ, ಕರ್ತೃ, ಉದ್ದೇಶಗಳನ್ನು ಪರೀಕ್ಷಿಸುವ ಕ್ರಮವು ನಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಿತವಾದುದು. ಕೂಟಶಾಸನವನ್ನು ನಿಜಶಾಸನದಿಂದ ಬೇರ್ಪಡಿಸುವ ಬಗೆಯನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಆದರೆ ಹಳೆಯ ಛಾಯಾಚಿತ್ರವೊಂದು ಕೈಗೆ ಬಂದಾಗ ಈ ಎಚ್ಚರವು ಸಡಿಲವಾಗುತ್ತದೆ. ಯಂತ್ರವು ಸುಳ್ಳಾಡದು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಕಪ್ಪು-ಬಿಳುಪಿನ ಚಿತ್ರವಾದರಂತೂ ಅದಕ್ಕೆ ಪ್ರಾಚೀನತೆಯ ಗೌರವವೂ ಸೇರಿಕೊಳ್ಳುತ್ತದೆ. ಕಟ್ಟಡಗಳನ್ನೂ ಕಾಡು-ಕಣಿವೆಗಳನ್ನೂ ತೋರಿಸುವ ಇಂತಹ ಚಿತ್ರಗಳು ಏನನ್ನು ಹೇಳುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಕರ್ನಾಟಕದ, ವಿಶೇಷವಾಗಿ ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಯ ನಿದರ್ಶನಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಉಪಕರಣದ ಸ್ವಭಾವವನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಬೆಳ್ಳಿಯ ಲವಣಗಳು ನೀಲಿ ಮತ್ತು ನೇರಿಳೆ ಬೆಳಕಿಗೆ ಮಾತ್ರ ಬೇಗನೆ ಸ್ಪಂದಿಸುತ್ತಿದ್ದುವು; ಹಸಿರು, ಹಳದಿ, ಕೆಂಪುಗಳಿಗೆ ಬಹುಮಟ್ಟಿಗೆ ಕುರುಡಾಗಿದ್ದುವು. ಆದುದರಿಂದ ಆಗಿನ ಚಿತ್ರಗಳಲ್ಲಿ ಆಕಾಶವು ಮೋಡವಿಲ್ಲದ ಬಿಳಿಯ ಹಾಳೆಯಾಗಿಯೂ ಮರಗಿಡಗಳು ಕಪ್ಪು ಮುದ್ದೆಗಳಾಗಿಯೂ ಕಾಣುತ್ತವೆ. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬ ವಿಜ್ಞಾನಿಯು ಬಣ್ಣಗಳನ್ನು ಬೆರೆಸಿ ಈ ಲವಣಗಳಿಗೆ ಹಸಿರನ್ನೂ ಕಾಣಿಸಬಹುದೆಂದು ತೋರಿಸಿದನು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ನಮ್ಮ ಜಿಲ್ಲೆಯ ಚಿರೆಕಲ್ಲಿನ ಗೋಡೆಯೊಂದನ್ನು ಹಳೆಯ ಫಲಕದಲ್ಲಿ ತೆಗೆದರೆ ಅದು ಕಪ್ಪಾಗಿ ಕಾಣುತ್ತದೆ. ಈಚಿನ ಫಿಲ್ಮಿನಲ್ಲಿ ಕೆಂಪು ಗಾಜನ್ನು ಮುಂದಿಟ್ಟು ತೆಗೆದರೆ ಬಿಳುಪಾಗುತ್ತದೆ. ಗೋಡೆ ಒಂದೇ, ಸಾಕ್ಷ್ಯ ಎರಡು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತವನ್ನು ಓದುವವನು ಬರೆಹವನ್ನಷ್ಟೇ ನೋಡದೆ ಒರಸಿ ತಿದ್ದಿದ ಗುರುತನ್ನೂ ನೋಡುತ್ತಾನೆ. ನೆಗೆಟಿವನ್ನು ಓದುವವನಿಗೂ ಅದೇ ಅಭ್ಯಾಸ ಬೇಕು.

ಕರ್ನಾಟಕದ ಕಟ್ಟಡಗಳು ಕ್ಯಾಮೆರಾದ ಮುಂದೆ ಬಂದುದು ಬಹು ಬೇಗ. 1855ರಲ್ಲಿ ಮುಂಬಯಿ ಸರಕಾರವು ಕ್ಯಾಪ್ಟನ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ವಾಸ್ತುಗಳ ಚಿತ್ರ ತೆಗೆಯಲು ನೇಮಿಸಿತು. ಆತನನ್ನು ಸೈನ್ಯಕ್ಕೆ ಹಿಂದೆ ಕರೆದುಕೊಂಡ ಮೇಲೆ ಆ ಕೆಲಸವು ಡಾಕ್ಟರ್ ಪಿಗೌ ಎಂಬ ವೈದ್ಯಾಧಿಕಾರಿಗೆ ಬಂದಿತು. ಇವರೂ ಇತರರೂ ತೆಗೆದ ವಿಜಾಪುರದ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥಗಳಾಗಿ ಪ್ರಕಟವಾದುವು. ಮೆಡೋಸ್ ಟೇಲರನು ಇತಿಹಾಸವನ್ನೂ ಫರ್ಗುಸನ್ನನು ವಾಸ್ತುವಿಚಾರವನ್ನೂ ಬರೆದರು. ಇದೇ ಕಾಲದಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಗ್ರೀನ್‌ಲಾ ಎಂಬ ಅಧಿಕಾರಿಯು ಹಂಪೆಯ ಸುಮಾರು 60 ಚಿತ್ರಗಳನ್ನು ಮೇಣ ಸವರಿದ ಕಾಗದದ ನೆಗೆಟಿವುಗಳಲ್ಲಿ ತೆಗೆದನು.

ಈ ಚಿತ್ರಗಳ ಉಪಕಾರವು ಸಣ್ಣದಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದ ಕನ್ನಡಿಗನಿಲ್ಲ; 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಮೇಲೆಯೂ ಅದರ ಚಿತ್ರವಿದೆ. ಆದರೆ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅದು ಮುಂದೆ ಇಲ್ಲವಾಯಿತು. ನಾವಿಂದು ಪೂರ್ಣವೆಂದು ಮೆಚ್ಚುವ ರಥವು ಶಿಖರವನ್ನು ಕಳೆದುಕೊಂಡ ರಥ. ಕಾಗದದ ನೆಗೆಟಿವೊಂದು ಉಳಿಯದೆ ಹೋಗಿದ್ದರೆ ಈ ಸಂಗತಿಯನ್ನು ಕಣ್ಣಾರೆ ಕಂಡು ನಂಬುವ ಅವಕಾಶವು ನಮಗೆ ಇರುತ್ತಿರಲಿಲ್ಲ. ಬಣ್ಣವಿಲ್ಲದುದರಿಂದ ಕಲ್ಲಿನ ಸಂದು, ಗಾರೆಯ ಬಿರುಕು, ಕಂಬದ ನೆರಳು ಇವು ಇನ್ನೂ ಸ್ಪಷ್ಟವಾಗುತ್ತವೆ ಎಂಬುದನ್ನೂ ಒಪ್ಪಬೇಕು.

ಇನ್ನು ಅವು ಕೊಡದಿರುವುದನ್ನು ನೋಡೋಣ. ಕಾಗದದ ನೆಗೆಟಿವಿಗೆ ಬೆಳಕು ಬಹಳ ಹೊತ್ತು ತಾಗಬೇಕಾಗಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದು ಕಲ್ಲು ಮಾತ್ರ. ನಡೆದುಹೋಗುವ ಮನುಷ್ಯ, ಮೇಯುವ ದನ, ಬೀದಿಯಲ್ಲಿ ಕೊಳ್ಳುವ ಮಾರುವ ಜನ ಇವರು ಚಿತ್ರದಲ್ಲಿ ಮಂಜಾಗಿ ಕರಗಿಹೋಗುತ್ತಿದ್ದರು. ಹೀಗಾಗಿ ಹಂಪೆಯು ಪೂರ್ಣ ನಿರ್ಜನವೆಂಬ ಭಾವನೆ ಹುಟ್ಟಿತು. ವಾಸ್ತವದಲ್ಲಿ ವಿರೂಪಾಕ್ಷನ ಪೂಜೆಯು 1565ರ ಯುದ್ಧದ ನಂತರವೂ ನಡೆದುಬಂದಿದೆ. ಯಾತ್ರಿಕರೂ ಒಕ್ಕಲಿಗರೂ ಅಲ್ಲಿ ಇದ್ದೇ ಇದ್ದರು. ಉಪಕರಣದ ಅಶಕ್ತಿಯಾಗಿದ್ದುದು ಕ್ರಮೇಣ ಒಂದು ಅಭಿರುಚಿಯಾಯಿತು. ಪಾಳು ಎಂದರೆ ಜನರಿಲ್ಲದ್ದು, ಸ್ಮಾರಕವೆಂದರೆ ಸಂಸಾರವಿಲ್ಲದ್ದು ಎಂದು ಕಣ್ಣು ಕಲಿತುಕೊಂಡಿತು. 2011ರ ಜುಲೈಯಲ್ಲಿ ಹಂಪೆಯ ಬಜಾರಿನ ಸಾಲುಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ ಅದಕ್ಕೆ ಕಾನೂನಿನ, ಸಂರಕ್ಷಣೆಯ ಕಾರಣಗಳನ್ನು ಹೇಳಲಾಯಿತು. ಛಾಯಾಚಿತ್ರವು ಅದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ತೆರವಾದ ಬಜಾರು 1856ರ ಚಿತ್ರವನ್ನು ಹೋಲತೊಡಗಿತೆಂಬುದು ವಿಚಾರಾರ್ಹವಾದ ವಿಷಯ.

ಕಟ್ಟಡದ ಚಿತ್ರಕ್ಕೆ ಅನ್ವಯಿಸುವ ಈ ಮಾತು ಅರಣ್ಯದ ಚಿತ್ರಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಇದಕ್ಕೆ ಅಮೆರಿಕದ ಯೊಸೆಮಿಟಿ ಕಣಿವೆಯು ಪ್ರಸಿದ್ಧ ನಿದರ್ಶನ. 1851ರಲ್ಲಿ ಅಲ್ಲಿಯ ಮೂಲನಿವಾಸಿಗಳ ಮೇಲೆ ಸಶಸ್ತ್ರ ಪಡೆಯೊಂದು ದಂಡೆತ್ತಿ ಹೋಗಿ ಅವರನ್ನು ಚದುರಿಸಿತು. ಹತ್ತು ವರ್ಷಗಳ ನಂತರ, 1861ರಲ್ಲಿ, ವಾಟ್ಕಿನ್ಸ್ ಎಂಬುವನು ಆ ಕಣಿವೆಯ ಭವ್ಯ ಚಿತ್ರಗಳನ್ನು ತೆಗೆದನು. 1864ರಲ್ಲಿ ಅಧ್ಯಕ್ಷ ಲಿಂಕನ್ನನು ಕಣಿವೆಯನ್ನು ಸಾರ್ವಜನಿಕ ಉಪಯೋಗಕ್ಕಾಗಿ ಕಾದಿರಿಸುವ ಕಾನೂನಿಗೆ ಸಹಿ ಹಾಕಿದನು. 1927ರಲ್ಲಿ ಆನ್ಸೆಲ್ ಆಡಮ್ಸನು ಕೆಂಪು ಗಾಜನ್ನು ಬಳಸಿ ಅಲ್ಲಿಯ ಬಂಡೆಯೊಂದರ ಹಿಂದಿನ ಆಕಾಶವನ್ನು ಕರ್ರಗಾಗಿಸಿದ ಚಿತ್ರವು ಜಗದ್ವಿಖ್ಯಾತವಾಯಿತು. ಅದು ಶ್ರೇಷ್ಠ ಕಲೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೃಷ್ಟಿಯ ಮೊದಲ ದಿನದಂತೆ ತೋರುವ ಆ ಏಕಾಂತದ ಹಿಂದೆ 1851 ಎಂಬ ವರ್ಷವಿದೆ. ಚಿತ್ರವು ಅದನ್ನು ಹೇಳದು, ಇತಿಹಾಸಕಾರನು ಹೇಳಬೇಕು.

ನಮ್ಮ ಸೀಮೆಗೆ ಬರೋಣ. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರಲ್ಲಿ ಭಾರತೀಯ ಅರಣ್ಯ ಕಾಯಿದೆಯು ಬಂದಿತು. ಮರುವರ್ಷವೇ, 1879ರಲ್ಲಿ, ಭಾಸ್ಕರಪ್ಪ ಎಂಬುವರಿಗೂ ಉತ್ತರ ಕನ್ನಡದ ಕಲೆಕ್ಟರರಿಗೂ ನಡೆದ ವ್ಯಾಜ್ಯದಲ್ಲಿ ಮುಂಬಯಿ ಹೈಕೋರ್ಟು ಕಾಡಿನ ಒಡೆತನದ ಪ್ರಶ್ನೆಯನ್ನು ಸರಕಾರದ ಪರವಾಗಿ ತೀರ್ಮಾನಿಸಿತು. ಜನರ ಕೈಯಲ್ಲಿ ಉಳಿದುದು ಹಕ್ಕಿಗಿಂತ ಸವಲತ್ತು. ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟವು ಈ ಸವಲತ್ತುಗಳಲ್ಲಿ ಮುಖ್ಯವಾದುದು. ತೋಟದ ಬುಡಕ್ಕೆ ಹಾಕುವ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು ಎರಡೂ ಅಲ್ಲಿಂದಲೇ ಬರತಕ್ಕವು.

ಈ ಬೆಟ್ಟವನ್ನು ಕಪ್ಪು-ಬಿಳುಪಿನಲ್ಲಿ ತೆಗೆದ ಚಿತ್ರವನ್ನು ಊಹಿಸಿಕೊಳ್ಳಿರಿ. ನೀಳವಾದ ಕಾಂಡಗಳು, ತುದಿಯಲ್ಲಿ ಸಣ್ಣ ಜುಟ್ಟು, ನಡುವೆ ಬೆಳಕಿನ ಕೋಲುಗಳು. ಪರಸ್ಥಳದ ರಸಿಕನು ಇದನ್ನು ಮಾನವನ ಕೈಸೋಕದ ಆದಿಮ ಅರಣ್ಯವೆಂದು ಹೊಗಳಬಹುದು. ಯಲ್ಲಾಪುರದ ಕೃಷಿಕನು ಅದೇ ಚಿತ್ರವನ್ನು ನೋಡಿ, ಈ ಮರದ ಸೊಪ್ಪನ್ನು ಎಷ್ಟು ವರ್ಷ ಕಡಿದಿದ್ದಾರೆ, ಕೊನೆಗೆ ಕಡಿದು ಎಷ್ಟು ಕಾಲವಾಯಿತು ಎಂದು ಹೇಳಬಲ್ಲನು. ಮೊದಲನೆಯವನಿಗೆ ರೂಪವಾಗಿ ಕಾಣುವುದು ಎರಡನೆಯವನಿಗೆ ದುಡಿಮೆಯ ಲೆಕ್ಕಪತ್ರವಾಗಿ ಕಾಣುತ್ತದೆ. ಹಸಿರಿನ ನಾನಾ ಛಾಯೆಗಳನ್ನು ಒಂದೇ ಬೂದುಬಣ್ಣಕ್ಕೆ ಇಳಿಸುವ ಚಿತ್ರದಲ್ಲಿ ತೋಟದ ಅಂಚು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಮೊದಲಾಯಿತು ಎಂಬುದೇ ಅಳಿಸಿಹೋಗುವುದುಂಟು. ಸಿದ್ದಿಯರು, ಗೌಳಿಗರು, ಕುಣಬಿಯರು ಓಡಾಡುವ ಕಾಲುದಾರಿಯೂ ಹಾಗೆಯೇ ನೆರಳಿನೊಳಗೆ ಸೇರಿಕೊಳ್ಳುತ್ತದೆ.

ಜಲಪಾತಗಳ ಚಿತ್ರಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಬೆಳಕನ್ನು ಬಹಳ ಹೊತ್ತು ಬಿಟ್ಟರೆ ಬೀಳುವ ನೀರು ಹಾಲಿನ ತೆರೆಯಂತಾಗುತ್ತದೆ. ತೆಳ್ಳನೆಯ ಧಾರೆಯೂ ತುಂಬು ಪ್ರವಾಹದಂತೆ ಕಾಣುತ್ತದೆ. ಜೋಗದಲ್ಲಿ 1948ರಿಂದ ವಿದ್ಯುದುತ್ಪಾದನೆ ನಡೆಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಈ ವರ್ಷಗಳಿಗೆ ಮೊದಲಿನ ಚಿತ್ರವೋ ಅನಂತರದ್ದೋ, ಶ್ರಾವಣದ್ದೋ ಮಾಘದ್ದೋ ಎಂಬುದು ತಿಳಿಯದಿದ್ದರೆ ಶರಾವತಿಯ ನೀರಿನ ವಿಷಯದಲ್ಲಿ ಆ ಚಿತ್ರವು ಯಾವ ಸಾಕ್ಷ್ಯವನ್ನೂ ನುಡಿಯಲಾರದು. ಸಾತೊಡ್ಡಿ ಜಲಪಾತದ ನೀರು ಇಂದು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರನ್ನು ಸೇರುತ್ತದೆ. ಆ ಹಿನ್ನೀರಿನ ಸುಂದರ ಚಿತ್ರವನ್ನು ನೋಡುವವನಿಗೆ ಅಡಿಯಲ್ಲಿ ಮುಳುಗಿದ ಕಣಿವೆಯ ನೆನಪಾಗುವ ಸಂಭವವಿಲ್ಲ. ಮಾಗೋಡಿನಲ್ಲಿ ಬೇಡ್ತಿಯು ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಆ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣವೊಂದು ಕೂಡಿತು. ಅಲ್ಲಿ ತಜ್ಞರೂ ಕೃಷಿಕರೂ ಕುಳಿತು ಯೋಜನೆಯ ಲಾಭದೊಡನೆ ತೋಟ, ಬೆಟ್ಟ, ಕಾಡುಗಳ ನಷ್ಟವನ್ನೂ ತೂಗಿದರು. ಯೋಜನೆಯು ನಿಂತಿತು. ಪ್ರವಾಸಿಯ ಚಿತ್ರಪಟದಲ್ಲಿ ಸ್ಥಳವಿಲ್ಲದ ವಸ್ತುಗಳು ಅಲ್ಲಿ ಲೆಕ್ಕಕ್ಕೆ ಬಂದುವು.

ಇಲ್ಲಿ ಆಕ್ಷೇಪವೊಂದು ಹುಟ್ಟಬಹುದು. ಕಲಾವಿದನು ತನಗೆ ಬೇಕಾದುದನ್ನು ಆಯ್ದು ಬೇಡವಾದುದನ್ನು ಬಿಡುವುದು ಅವನ ಸ್ವಾತಂತ್ರ್ಯವಲ್ಲವೆ? ಅವಶ್ಯವಾಗಿ ಹೌದು. ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳ ಗ್ರಂಥವನ್ನು 1983ರಲ್ಲಿ ಪ್ರಕಟಿಸಿದಾಗ ಬಿಸಿಲು ಮತ್ತು ನೆರಳುಗಳ ಹೆಸರನ್ನೇ ಅದಕ್ಕೆ ಇಟ್ಟರು. ಅಂತಹ ಕೃತಿಯ ಹಿಂದಿರುವ ತಾಳ್ಮೆ, ಕತ್ತಲೆ ಕೋಣೆಯ ಪರಿಶ್ರಮ, ಜೀವಪ್ರೀತಿ ಇವುಗಳಿಗೆ ತಲೆಬಾಗಬೇಕು. ಕಾಡಿನ ಮೇಲೆ ನಗರದ ಓದುಗರಿಗೆ ಮಮತೆ ಹುಟ್ಟಿಸುವಲ್ಲಿ ಇಂತಹ ಚಿತ್ರಗಳ ಪಾಲೂ ಇದೆ. ನನ್ನ ಆಕ್ಷೇಪವು ಚಿತ್ರಕಾರನ ಮೇಲಲ್ಲ, ಓದುಗನ ಮೇಲೆ. ಕವಿಯೊಬ್ಬನ ಪುರವರ್ಣನೆಯನ್ನು ನಾವು ಜನಗಣತಿಯೆಂದು ಭಾವಿಸುವುದಿಲ್ಲ. ಛಾಯಾಚಿತ್ರದ ವನವರ್ಣನೆಯನ್ನು ಮಾತ್ರ ಹಾಗೆ ಭಾವಿಸುತ್ತೇವೆ. ದೋಷವಿರುವುದು ಇಲ್ಲಿ.

ಜನರಿರುವ ಕಾಡಿನ ಚಿತ್ರವು ಕಡಮೆ ಸುಂದರವಾಗಬೇಕಾಗಿಯೂ ಇಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಳಸೆಯ ಕಾಡಿನಲ್ಲಿ ಕೊಡಲಿಗೆ ಅಡ್ಡಬಂದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಎಂಬ ಹೆಸರು ಕೇಳಿದೊಡನೆ ಮನಸ್ಸಿನಲ್ಲಿ ಮೂಡುವುದು ನಿರ್ಜನ ವನವಲ್ಲ, ಮರವೊಂದನ್ನು ತಬ್ಬಿದ ಎರಡು ತೋಳುಗಳು. ಕಾಡನ್ನು ಉಳಿಸಬೇಕೆಂಬ ಮಾತಿಗೆ ಇದಕ್ಕಿಂತ ಬಲವಾದ ಚಿತ್ರವು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹಂಪೆಯಲ್ಲಿಯೇ ಒಂದು ದಾರಿ ದೊರೆಯುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬುವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಹೊಸ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟಾಗ ಬಿದ್ದುದೇನು, ಬೆಳೆದುದೇನು, ದುರಸ್ತಿಯಾದುದೇನು ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಕೆಲಸಕ್ಕೆ ದೊಡ್ಡ ಧನವಾಗಲಿ ವಿದೇಶೀ ಪಾಂಡಿತ್ಯವಾಗಲಿ ಬೇಕಾಗಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಜಗುಲಿಯ ಗೋಡೆಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಇರುವ ಹಳೆಯ ಚಿತ್ರಗಳನ್ನು ಮನೆಯವರ ಅನುಮತಿ ಪಡೆದು ಪ್ರತಿಮಾಡಿಕೊಳ್ಳಬಹುದು. ಚಿತ್ರ ತೆಗೆದ ಸ್ಥಳ, ತಿಂಗಳು, ನಿಂತ ದಿಕ್ಕು ಇವನ್ನು ವಿಚಾರಿಸಿ ಬರೆದಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸೊಪ್ಪು ಕಡಿದವರ, ದನ ಕಾಯ್ದವರ, ಆ ದಾರಿಯಲ್ಲಿ ನಡೆದವರ ಮುಂದೆ ಚಿತ್ರವನ್ನಿಟ್ಟು, ಇದರಲ್ಲಿ ಕಾಣದಿರುವುದು ಏನು ಎಂದು ಕೇಳಬೇಕು. ಅವರು ಹೇಳಿದುದನ್ನು ಚಿತ್ರದೊಡನೆಯೇ ಇಡಬೇಕು. ಆ ತಲೆಮಾರು ದಾಟಿದ ಮೇಲೆ ಚಿತ್ರವು ಉಳಿಯುತ್ತದೆ, ಅದನ್ನು ಓದಬಲ್ಲವರು ಉಳಿಯುವುದಿಲ್ಲ.