ಅಳತೆ ಇದೆ, ಹೊಣೆ ಇಲ್ಲ

ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಕಟ್ಟಡಗಳ ಭಾಗವನ್ನು ಓದಿದರೆ ಬರೆದವರ ಶ್ರದ್ಧೆಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಮಲಗುವ ಬ್ಯಾರಕ್ಕಿನಲ್ಲಿ ತಲಾ 3.71 ಚದರ ಮೀಟರ್ ನೆಲ, ಸೆಲ್ಲಿಗೆ 8.92, ಒಂದು ಬ್ಯಾರಕ್ಕಿಗೆ 20 ಜನರ ಮಿತಿ, ರಾತ್ರಿ ಹತ್ತು ಜನರಿಗೊಂದು, ಹಗಲು ಆರು ಜನರಿಗೊಂದು ಶೌಚಾಲಯ, ದಿನಕ್ಕೆ ತಲಾ 135 ಲೀಟರ್ ನೀರು. ಬಂಧಿಯ ಘನತೆಯನ್ನು ಬರೀ ಉಪದೇಶಕ್ಕೆ ಬಿಡದೆ ಟೇಪು ಹಿಡಿದು ಅಳೆಯುವಂತೆ ಮಾಡಿರುವುದೇ ಇದರ ದೊಡ್ಡ ಗುಣ.

ಆದರೆ ಈ ಅಳತೆಗಳೆಲ್ಲ ಜೈಲು ಕಟ್ಟುವವರನ್ನು ಉದ್ದೇಶಿಸಿವೆ, ಅದನ್ನು ತುಂಬುವವರನ್ನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳು ಶೇ. 131.4ರಷ್ಟು ತುಂಬಿದ್ದವು. ಎಲ್ಲ ಜೈಲುಗಳೂ ಕೈಪಿಡಿಯಂತೆಯೇ ಕಟ್ಟಲ್ಪಟ್ಟಿವೆ ಎಂದುಕೊಂಡರೂ 3.71 ಕುಗ್ಗಿ ಸರಾಸರಿ 2.82ಕ್ಕೆ ಇಳಿಯುತ್ತದೆ. ಕೋರ್ಟು ಕಳಿಸಿದವರನ್ನು ಜಾಗವಿಲ್ಲವೆಂದು ವಾಪಸು ಕಳಿಸುವ ಅಧಿಕಾರ ಜೈಲಿನ ಅಧೀಕ್ಷಕರಿಗಿಲ್ಲ. ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದ್ದರಿಂದ ಕೇಂದ್ರದ ಕೈಪಿಡಿ ರಾಜ್ಯಗಳಿಗೆ ಬರೀ ಸಲಹೆ.

ಯುರೋಪಿನ ನ್ಯಾಯಾಲಯದ ಅಳತೆ ನಮ್ಮದಕ್ಕಿಂತ ಚಿಕ್ಕದು. ಆದರೂ 2016ರ ಮುರ್ಶಿಚ್ ಪ್ರಕರಣದಲ್ಲಿ ಅಲ್ಲಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು ಇಷ್ಟು: ಹಲವರಿರುವ ಕೋಣೆಯಲ್ಲಿ ತಲಾ 3 ಚದರ ಮೀಟರಿಗಿಂತ ಕಡಿಮೆ ಜಾಗವಿದ್ದರೆ ಅಮಾನವೀಯ ಇಲ್ಲವೆ ಹೀನಾಯ ನಡವಳಿಕೆಯೆಂದೇ ಬಲವಾಗಿ ಭಾವಿಸಬೇಕು, ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಅಲ್ಲಿ ಅಳತೆ ತಪ್ಪಿದರೆ ಸರ್ಕಾರ ಕಟಕಟೆಗೆ ಬರುತ್ತದೆ, ಇಲ್ಲಿ ವಾರ್ಷಿಕ ವರದಿಗೆ ಒಂದು ಅಂಕಿ ಸೇರುತ್ತದೆ.

ಪೊಲೀಸ್ ಲಾಕಪ್ಪಿನ ಸ್ಥಿತಿ ಇನ್ನೂ ಶೋಚನೀಯ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಬಂಧನದ ಮೆಮೊ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿತು. 2020ರ ಪರಮವೀರ್ ಸಿಂಗ್ ಸೈನಿ ತೀರ್ಪು ಲಾಕಪ್ಪಿಗೂ ಸಿಸಿಟಿವಿ ತಂದಿತು. ಎರಡರ ಕಾಳಜಿಯೂ ಹೊಡೆತ, ಸಾವುಗಳನ್ನು ತಡೆಯುವುದು, ಅದು ಸರಿಯೇ. ಆದರೆ ಒಬ್ಬರಿಗೆ ಎಷ್ಟು ನೆಲ, ಹಾಸಲು ಏನು, ಶೌಚಕ್ಕೆ ಎಷ್ಟು ಮರೆ ಎಂಬ ಪ್ರಶ್ನೆಗಳನ್ನು ಆ ನಿಯಮಗಳು ಮುಟ್ಟುವುದಿಲ್ಲ. ಯುರೋಪಿನ ಚಿತ್ರಹಿಂಸೆ ತಡೆ ಸಮಿತಿ 1992ರಲ್ಲೇ ಕೆಲವು ಗಂಟೆಗಳಿಗಿಂತ ಹೆಚ್ಚು ಉಳಿಸಿಕೊಳ್ಳುವ ಒಂಟಿ ಪೊಲೀಸ್ ಸೆಲ್ಲಿಗೆ ಸುಮಾರು 7 ಚದರ ಮೀಟರ್ ಅಪೇಕ್ಷಣೀಯ ಎಂದಿತ್ತು.

2022ರಲ್ಲಿ ಜೈಲಿನಲ್ಲಿದ್ದವರ ಪೈಕಿ ಶೇ. 75.8 ಮಂದಿ ವಿಚಾರಣಾಧೀನರು. ಹಾಗಾಗಿ ಹೊಸ ಕಟ್ಟಡವೊಂದೇ ಮದ್ದಲ್ಲ. ನ್ಯಾಯಾಂಗ ಬಂಧನಕ್ಕೆ ಕಳಿಸುವ ಮುನ್ನ ಆ ಜೈಲಿನ ಅಂದಿನ ಭರ್ತಿ ಎಷ್ಟೆಂಬುದು ಮ್ಯಾಜಿಸ್ಟ್ರೇಟರ ಮುಂದೆ ಇರಬೇಕು. ಮಿತಿ ಮೀರಿದ್ದರೆ ಜಾಮೀನು ನಿರಾಕರಿಸಲು ಲಿಖಿತ ಕಾರಣ ಬೇಕು. ಹಾಗೆ ಮಾಡಿದರೆ ಕೈಪಿಡಿಯ 3.71ಕ್ಕೆ ಕಾನೂನಿನ ಬಲ ಬರುತ್ತದೆ.